ಎರಡನೇ ಮಗು: ಈಗಲೇನಾ, ಇನ್ನೊಂದು ವರ್ಷ ಬಿಟ್ಟಾ?

ಶಿರಸಿ ಕಡೆಯವಳು, ಮ್ಯೂನಿಕ್
ಎಲ್ಲರಿಗೂ ನಮಸ್ಕಾರ. ಮಗಳಿಗೆ 14 ತಿಂಗಳು, ಸಿಸೇರಿಯನ್ ಆಗಿತ್ತು. ಬರೋ ಮಾರ್ಚ್‌ಗೆ ನನಗೆ 35. ಹೋದ ವಾರದಿಂದ ಕೆಲಸಕ್ಕೆ ಹೋಗ್ತಿದೀನಿ, ವಾರಕ್ಕೆ 20 ಗಂಟೆ. ಕೀಟಾದ (ಇಲ್ಲಿನ ಡೇ ಕೇರ್) ನೆಗಡಿ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ. ಅತ್ತೆ ಪ್ರತಿ ಭಾನುವಾರ ವಿಡಿಯೋ ಕಾಲಲ್ಲಿ "ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ" ಅಂತಾರೆ. ಅಮ್ಮ ಹೋದ ಸಲ ಷೆಂಗೆನ್ ವೀಸಾದ 90 ದಿನ ಇದ್ದು ಹೋದರು, ಈಗ ಅವರಿಗೆ ಮಂಡಿನೋವು. ಗಂಡ "ನೀ ಹೇಳಿದ ಹಾಗೆ" ಅಂತಾರೆ, ಅಂದ್ರೆ ತಲೆನೋವು ಪೂರ್ತಿ ನಂದು. ಈಗಲೇ ನೋಡೋದಾ, ಒಂದು ವರ್ಷ ಬಿಡೋದಾ?

ಧಾರವಾಡದಾಕಿ, ಸ್ಟುಟ್‌ಗಾರ್ಟ್
ತಂಗಿ, ಎರಡೂ ಕೂಡೇ ಮುಗಿಸಿಬಿಡ್ರಿ. ನಮ್ಮವು 19 ತಿಂಗಳ ಅಂತರದ್ವು. ನಿದ್ದಿ ಅಂದ್ರ ಏನಂತ ಮರ್ತಿದ್ದೆ, ಆದ್ರ ಡೈಪರ್ ಬಿಟ್ಟಿದ್ದು ಬಿಟ್ಟಿದ್ದೇ. ಬಾಣಂತನಕ್ಕ ಅವ್ವ ಮೂರು ತಿಂಗಳು, ಆಕಿ ಹೋಗೂ ದಿನಾನೇ ಅತ್ತಿ ಬಂದ್ರು. ಏರ್‌ಪೋರ್ಟಿನ್ಯಾಗೇ ಬೀಗತೇರ ಭೆಟ್ಟಿ, ಅಂಟಿನುಂಡಿ ಡಬ್ಬಿ ಅಲ್ಲೇ ಕೈ ಬದಲಾತು.

ಲೆಕ್ಕದವನು, ಎರ್ಲಾಂಗನ್
ದುಡ್ಡಿನ ಕಡೆ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಎಲ್ಟರ್‌ಗೆಲ್ಡ್ (ಮಗು ನೋಡ್ಕೊಳ್ಳೋಕೆ ರಜೆ ಹಾಕಿದ ಅಪ್ಪ ಅಮ್ಮಂದಿರಿಗೆ ಇಲ್ಲಿನ ಸರ್ಕಾರ ಕೊಡೋ ದುಡ್ಡು) ಸಾಮಾನ್ಯವಾಗಿ ಕೈಗೆ ಬರೋ ಸಂಬಳದ 65 ಪರ್ಸೆಂಟ್, ತಿಂಗಳಿಗೆ ಹೆಚ್ಚೆಂದರೆ 1800 ಯೂರೋ. ನೋಡೋದು ಹೆರಿಗೆ ರಜೆಗೆ ಮುಂಚಿನ 12 ತಿಂಗಳ ಸಂಬಳ. ಮೊದಲ ಮಗುವಿಗೆ 14 ತಿಂಗಳಾಗೋವರೆಗೆ ಎಲ್ಟರ್‌ಗೆಲ್ಡ್ ತಗೊಂಡ ತಿಂಗಳುಗಳನ್ನು ಬಿಟ್ಟು ಹಿಂದಕ್ಕೆ ಹೋಗ್ತಾರೆ. ಹಾಗಾಗಿ ಈಗ ಗರ್ಭ ನಿಂತರೆ ನಿಮ್ಮ ಹಳೇ ಪೂರ್ತಿ ಸಂಬಳದ ಕೆಲವು ತಿಂಗಳೂ ಲೆಕ್ಕಕ್ಕೆ ಬರುತ್ತೆ. ಒಂದು ವರ್ಷ ಬಿಟ್ಟರೆ ಹನ್ನೆರಡೂ 20 ಗಂಟೆಯ ಸಂಬಳ. ದೊಡ್ಡದಕ್ಕೆ ಮೂರು ತುಂಬೋವರೆಗೆ ಮೇಲೆ 10 ಪರ್ಸೆಂಟ್ ಬೋನಸ್ ಬೇರೆ. ಕಾಯೋದೇ ಆದರೆ ಕೆಲಸದ ಗಂಟೆ ಹೆಚ್ಚಿಸಿಕೊಂಡು ಕಾಯಿರಿ.

ಕುಡ್ಲದ ನರ್ಸಮ್ಮ, ಮಾನ್‌ಹೈಮ್
ದುಡ್ಡು ಮತ್ತೆ ಮಾರಾಯ್ರೆ, ಮೊದಲು ಮೈ ನೋಡಿ. ಡಬ್ಲ್ಯುಎಚ್‌ಒ ಹೇಳುವುದು ಹೆರಿಗೆಯಿಂದ ಮುಂದಿನ ಗರ್ಭಕ್ಕೆ 24 ತಿಂಗಳು. ಅಮೆರಿಕದ ಹೆರಿಗೆ ಡಾಕ್ಟರುಗಳ ಸಂಘದ ಮಾತು ಬೇರೆ: 6 ತಿಂಗಳೊಳಗೆ ಬೇಡವೇ ಬೇಡ, 18ರೊಳಗಾದರೆ ಒಳ್ಳೆದು ಕೆಟ್ಟದು ಎರಡೂ ಕೂತು ಮಾತಾಡಿ. ನಿಮ್ಮ ಪ್ರಾಯಕ್ಕೆ ಎರಡು ವರ್ಷ ಕಾಯಲೇಬೇಕು ಅಂತ ನಾನು ಹೇಳುವುದಿಲ್ಲ. ಒಂದು ನಾಲ್ಕು ತಿಂಗಳು ತಡೆಯಿರಿ, ಅಷ್ಟರಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಅಂಶ ಎಷ್ಟು ಉಂಟು ಅಂತ), ಥೈರಾಯ್ಡ್ ನೋಡಿಸಿ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಕಡೇಪಕ್ಷ ಒಂದು ತಿಂಗಳು ಮುಂಚೆಯೇ ಶುರು ಮಾಡಿ. ಹಳೇ ಆಪರೇಷನ್ ರಿಪೋರ್ಟ್ ತೆಗೆದಿಟ್ಟುಕೊಳ್ಳಿ, ಹೊಲಿಗೆ ಹೇಗೆ ಹಾಕಿದ್ದಾರೆ ಅಂತ ಡಾಕ್ಟರ್ ಕೇಳಿಯೇ ಕೇಳ್ತಾರೆ.

ಹಳೇ ಬೇರು, 1991ರಿಂದ ಇಲ್ಲೇ
ಎಲ್ಲಾ ಲೆಕ್ಕ ಹಾಕ್ತೀರಿ, ಮುಖ್ಯವಾದದ್ದು ಬಿಟ್ಟು. ಯಾವ ನೆಲದಲ್ಲಿ ಹೆರ್ತೀರಿ? ನನ್ನ ಇಬ್ಬರೂ ಮಕ್ಕಳು ಡಾಕ್ಟರು, ಒಳ್ಳೆಯವರು. ತಾತ ತೀರಿಕೊಂಡಾಗ ಅಜ್ಜಿಗೆ ಫೋನಲ್ಲಿ ಒಂದು ಮಾತು ಸಮಾಧಾನ ಹೇಳೋಕೆ ಬಾಯಲ್ಲಿ ಕನ್ನಡ ಇರಲಿಲ್ಲ. ಒಂದು ಮಗು ಇರುವಾಗಲೇ ಊರಿಗೆ ಹೊರಡಿ. ಎರಡಾದ ಮೇಲೆ ಸ್ಕೂಲು, ಮನೆ ಸಾಲ ಅಂತ ಯಾರೂ ಹೋಗಲ್ಲ, ನಾನೂ ಹೋಗಲಿಲ್ಲ.

ಬಸವನಗುಡಿ ಅಪ್ಪ, ಬರ್ಲಿನ್
ಸರ್, ಕ್ಷಮಿಸಿ, ಅದು ಜರ್ಮನಿಯ ತಪ್ಪಲ್ಲ. ನಮ್ಮ ಇಬ್ಬರಿಗೂ ಮನೇಲಿ ಕನ್ನಡ ಬಿಟ್ಟರೆ ಊಟ ಇಲ್ಲ. ದೊಡ್ಡವನು ಈ ಸಲ ರಾಜ್ಯೋತ್ಸವದಲ್ಲಿ ನಾಲ್ಕು ವಚನ ಹೇಳಿದ, ವಿಡಿಯೋ ಹಾಕಲಾ?

ಹಳೇ ಬೇರು
ವಚನ ಹೇಳೋದು ಬೇರೆ, ಅಜ್ಜಿ ಹತ್ರ ಜಗಳ ಆಡೋದು ಬೇರೆ.

ಧಾರವಾಡದಾಕಿ
ಬೆಂಗಳೂರಿನ್ಯಾಗ ಇರೋ ನಮ್ಮ ಅಕ್ಕನ ಮಕ್ಕಳಿಗೂ ಕನ್ನಡ ಬರಂಗಿಲ್ರಿ. ಅವ್ರು ಎಲ್ಲಿಗೆ ವಾಪಸ್ ಹೋಗಬೇಕು?

(ಇಲ್ಲಿಂದ ಮುಂದೆ 41 ಉತ್ತರ ಬೆಂಗಳೂರಿನ ಸ್ಕೂಲ್ ಫೀಸು ಮತ್ತು ಟ್ರಾಫಿಕ್ ಬಗ್ಗೆ.)

ಹೆಸರು ಬೇಡ
ಇಷ್ಟು ಗದ್ದಲದಲ್ಲಿ ಬರೆಯಲೋ ಬೇಡವೋ ಅಂತಿದ್ದೆ. ನಾವು ಪರ್ಮನೆಂಟ್ ಪರ್ಮಿಟ್ ಬರಲಿ, ಹುಟ್ಟೋ ಮಗುವಿಗೆ ಇಲ್ಲಿನ ಪೌರತ್ವವೇ ಸಿಗಲಿ ಅಂತ ಕಾದೆವು. ಆಗ ಅಪ್ಪ ಅಮ್ಮ ಒಬ್ಬರಾದರೂ 8 ವರ್ಷ ಇಲ್ಲಿದ್ದಿರಬೇಕಿತ್ತು, 2024ರಲ್ಲಿ ಅದನ್ನು 5ಕ್ಕೆ ಇಳಿಸಿದರು. ಪರ್ಮಿಟ್ ಬಂತು, ನನಗೆ 39 ಆಗಿತ್ತು. ಎರಡು ಸಲ ನಿಂತಿತು, ಎರಡು ಸಲವೂ ಉಳಿಯಲಿಲ್ಲ. ಕಾಗದಕ್ಕೋಸ್ಕರ ಮಾತ್ರ ಕಾಯಬೇಡಿ.

ಬಸವನಗುಡಿ ಅಪ್ಪ, ಬರ್ಲಿನ್
ವಿಡಿಯೋ ಹಾಕಿದ್ದೇನೆ, ಸೌಂಡ್ ಸ್ವಲ್ಪ ಕಮ್ಮಿ.

ಶಿರಸಿ ಕಡೆಯವಳು, ಮ್ಯೂನಿಕ್
ಹೆಸರು ಬೇಡ ಅಂದವರಿಗೆ, ನಿಮಗೆ ಬೇರೆಯಾಗಿ ಬರೀತೀನಿ. ಎಲ್ಟರ್‌ಗೆಲ್ಡ್ ಲೆಕ್ಕ ಹೇಳಿದವರು ದಯವಿಟ್ಟು ಇನ್ನೊಮ್ಮೆ ಹಾಕ್ತೀರಾ? ಮೇಲೆಲ್ಲೋ ಹೋಗಿಬಿಟ್ಟಿದೆ, ಹುಡುಕ್ತಾ ಇದ್ದ ಹಾಗೇ ಮಗಳು ಎದ್ದಳು. ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ಗುರುವಾರಕ್ಕೆ ಸಿಕ್ಕಿದೆ.

ಧಾರವಾಡದಾಕಿ
ಅಂಟು ಬೇಕಾದ್ರ ಹೇಳ್ರಿ, ನಮ್ಮನ್ಯಾಗ ಅರ್ಧ ಕಿಲೋ ಉಳದೈತಿ.