ಮಿನಿ ಲೇತ್‌ನಲ್ಲಿ ಚನ್ನಪಟ್ಟಣದ ಥರ ಅರಗಿನ ಬಣ್ಣ ಬರುತ್ತಾ?

ಬುಗುರಿಪ್ರಿಯ:
ಮನೆಯಲ್ಲಿ ಮರ ತಿರುಗಿಸಿ ಕಡೆಯುವ ಚಿಕ್ಕ ಲೇತ್ ಇದೆ, ಜೊತೆಗೆ ತ್ರೀಡಿ ಪ್ರಿಂಟರ್ ಕೂಡ. ಮುರಿದ ಕುರ್ಚಿಯ ಕಾಲು, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಹೀಗೆ ಕೈಗೆ ಸಿಕ್ಕಿದ ಮರದಲ್ಲೇ ಬುಗುರಿ, ಬಳೆ ಮಾಡುತ್ತೇನೆ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬ್ರಷ್‌ನಲ್ಲಿ ಹಚ್ಚಿದರೆ ಹೊಳಪೇನೋ ಬರುತ್ತದೆ, ಆದರೆ ಚನ್ನಪಟ್ಟಣದ ಗೊಂಬೆಯಲ್ಲಿರುವ ಆ ತುಂಬು ಬಣ್ಣ ಬರಲ್ಲ. ಅವರು ಬೇರೆ ಏನಾದರೂ ಸೇರಿಸುತ್ತಾರಾ? ಪ್ರಿಂಟರ್‌ಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಮಾಡಿದ ಬುಗುರಿಯ ಮೇಲೂ ಅರಗು ಹಚ್ಚಬಹುದಾ?

ಉಳಿಸುತ್ತಿಗೆ:
ಸ್ಪಿರಿಟ್ ಬಿಟ್ಟುಬಿಡಿ, ಅಲ್ಲಿ ಬ್ರಷ್ ಕೆಲಸವೇ ಇಲ್ಲ. ಅರಗನ್ನು ಬಿಸಿ ಮಾಡಿ, ಬಣ್ಣ ಸೇರಿಸಿ, ಎಳೆದು ನಾದಿ ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಲೇತ್ ಮೇಲೆ ಮರ ತಿರುಗುತ್ತಿರುವಾಗಲೇ ಆ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಗರಿ ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಏಳುತ್ತದೆ. ಕಡ್ಡಿ ಕರಗದಿದ್ದರೆ ಲೇತ್ ವೇಗ ಸಾಲದು, ಇಲ್ಲ ನೀವು ಒತ್ತಿದ್ದು ಸಾಲದು. ಹಳದಿಗೆ ಅರಿಶಿನ ಸಾಕು. ಮಕ್ಕಳು ಬಾಯಿಗೆ ಹಾಕುವ ಸಾಮಾನಾದರೆ ಪೇಂಟ್ ಅಂಗಡಿಯ ಪುಡಿ ಬೇಡವೇ ಬೇಡ.

ಇನ್ನು ಮರ. ಅವರು ಆಲೆ ಮರ ಹುಡುಕುವುದು ಸುಮ್ನೆ ಅಲ್ಲ. ಬಿಳಿ, ಮೃದು, ಎಳೆ ಸಣ್ಣ, ಅದನ್ನೂ ಚೆನ್ನಾಗಿ ಒಣಗಿಸಿದ ಮೇಲೇ ಲೇತ್‌ಗೆ ಹಾಕುತ್ತಾರೆ. ನಿಮ್ಮ ಪೆಟ್ಟಿಗೆ ಹಲಗೆಯಲ್ಲಿ ಮೊಳೆ ಉಳಿದಿದೆಯಾ ನೋಡಿಕೊಳ್ಳಿ ಮಾರಾಯ್ರೇ, ಉಳಿಯ ಬಾಯಿ ಹೋದರೆ ಹೋಗಲಿ, ಕಣ್ಣಿಗೆ ಹಾರಿದರೆ ಕಷ್ಟ.

ನಾಝಲ್‌ರಾಯ:
ಪಿಎಲ್‌ಎ ಮೇಲೆ ಆಗಲ್ಲ. ಅದು ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಅರಗು ಕರಗಲು 75–80 ಡಿಗ್ರಿ ಬೇಕು. ಬಣ್ಣ ಹತ್ತುವ ಮೊದಲೇ ಬುಗುರಿ ಸೊಟ್ಟ! ಪ್ರಿಂಟರನ್ನು ಬೇರೆ ಕೆಲಸಕ್ಕೆ ಹಚ್ಚಿ. ಬುಗುರಿಯ ಅರ್ಧ ಆಕಾರವನ್ನು ಅಚ್ಚಿನ ಹಾಗೆ ಪ್ರಿಂಟ್ ಮಾಡಿಟ್ಟುಕೊಂಡು, ಆಗಾಗ ಲೇತ್ ನಿಲ್ಲಿಸಿ ಹಿಡಿದು ನೋಡಿದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ.

ಬುಗುರಿಪ್ರಿಯ:
ಇದು ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಲೇಸರ್‌ನಲ್ಲಿ ಮಗುವಿನ ಹೆಸರು ಕೊರೆಯಬೇಕಾದರೆ ಅರಗು ಹಚ್ಚುವ ಮೊದಲಾ, ಆಮೇಲಾ? ಹಬ್ಬಕ್ಕೆ ನಾಲ್ಕು ಜನಕ್ಕೆ ಮಾರುವ ಯೋಚನೆಯೂ ಇದೆ.

ಉಳಿಸುತ್ತಿಗೆ:
ಹೆಸರಿನ ಜಾಗವನ್ನು ಬರೀ ಮರವಾಗಿಯೇ ಬಿಡಿ. ಅರಗಿನ ಮೇಲೆ ಲೇಸರ್ ಬಿಟ್ಟರೆ ಅಂಚು ಕರಗಿ ಅಕ್ಷರ ಕಲಸಿಹೋಗುತ್ತದೆ. ಮಾರುವುದಾದರೆ ಧಾರಾಳವಾಗಿ ಮಾರಿ, ಆದರೆ ‘ಚನ್ನಪಟ್ಟಣದ ಗೊಂಬೆ’ ಅಂತ ಚೀಟಿ ಅಂಟಿಸಬೇಡಿ, ಆ ಹೆಸರಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಇದೆ, ಅಂದರೆ ಅದು ಆ ಊರಿನ ಸಾಮಾನಿಗೇ ಮೀಸಲು. ಕೊಳ್ಳುವವರಿಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಇಡಬೇಡಿ ಅಂತಲೂ ಹೇಳಿ.