ಹಾರ್ಡ್‌ವಿಕ್ ಹಾಲ್: ಹೊರಗೋಡೆ ಪೂರ್ತಿ ಕಿಟಕಿ, ಹಾಗಾದ್ರೆ ಭಾರ ಹೊರೋದು ಯಾವುದು?

ಎಲಿವೇಶನ್_ದಾವಣಗೆರೆ:
ನಮಸ್ಕಾರ. ದಾವಣಗೆರೆಯಲ್ಲಿ ಮನೆ ಪ್ಲಾನ್ ಮಾಡಿಕೊಡುವ ಸಣ್ಣ ಆಫೀಸ್ ನನ್ನದು. ಗಿರಾಕಿ ಒಬ್ಬರು ಇಂಗ್ಲೆಂಡಿನ ಹಾರ್ಡ್‌ವಿಕ್ ಹಾಲ್ ಫೋಟೋ ತಂದು 'ಮುಂಭಾಗ ಹೀಗೇ ಬರಬೇಕು' ಅಂತ ಕೂತಿದ್ದಾರೆ. ನಲವತ್ತು-ಅರವತ್ತರ ಸೈಟು, ಪಶ್ಚಿಮಕ್ಕೆ ಮುಖ. ಅವರನ್ನು ಹೇಗೋ ಒಪ್ಪಿಸೋಣ, ಆದ್ರೆ ಆ ಫೋಟೋ ನೋಡಿದಾಗಿನಿಂದ ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ ಕೊರೆಯುತ್ತಿದೆ.

ಅದು 1590ರಿಂದ 1597ರ ನಡುವೆ ಡರ್ಬಿಶೈರ್‌ನಲ್ಲಿ ಕಟ್ಟಿದ ಮನೆ. ಕಾಂಕ್ರೀಟ್ ಇಲ್ಲ, ಕಂಬಿ ಇಲ್ಲ, ಬರೀ ಮರಳುಗಲ್ಲು, ಸುಣ್ಣದ ಗಾರೆ, ಮರದ ತೊಲೆ. ಆದ್ರೂ ಮುಂದಿನ ಗೋಡೆಯಲ್ಲಿ ಕಲ್ಲಿಗಿಂತ ಗಾಜೇ ಜಾಸ್ತಿ ಕಾಣುತ್ತದೆ. ದುರ್ಗದ ಕೋಟೆ ನೋಡಿ ಬೆಳೆದವರಿಗೆ ಕಲ್ಲಿನ ಕಟ್ಟಡ ಅಂದ್ರೆ ದಪ್ಪ ಗೋಡೆ, ಸಣ್ಣ ಕಿಂಡಿ, ಅಷ್ಟೇ ಅಲ್ವಾ? ಇನ್ನೊಂದು, ಅಲ್ಲಿ ಮೇಲಿನ ಅಂತಸ್ತಿಗೆ ಹೋದಂತೆ ಕಿಟಕಿ ದೊಡ್ಡದಾಗುತ್ತದೆ. ಅದು ಯಾಕೆ? ಚಳಿ ದೇಶ ಬೇರೆ, ಕೋಣೆಗೊಂದು ಬೆಂಕಿಗೂಡು ಬೇಕು. ಹೊರಗೋಡೆ ಪೂರ್ತಿ ಕಿಟಕಿಗೇ ಹೋದ್ರೆ ಹೊಗೆಕೊಳವೆ ಎಲ್ಲಿಟ್ಟರು?

ಕಲ್ಲುಕಂಬ:
ಕೊನೆಯ ಪ್ರಶ್ನೆಯಲ್ಲೇ ಉತ್ತರ ಇದೆ. ಹೊಗೆಕೊಳವೆಗಳನ್ನೆಲ್ಲ ಒಳಗಿನ ಗೋಡೆಗಳಲ್ಲಿ ಇಟ್ಟರು. ಸಾಮಾನ್ಯವಾಗಿ ಅಂಥ ಮನೆಗಳಲ್ಲಿ ಬೆಂಕಿಗೂಡು ಹೊರಗೋಡೆಗೆ ಅಂಟಿಕೊಂಡಿರುತ್ತದೆ, ಅಷ್ಟು ಜಾಗ ಕಿಟಕಿಗೆ ಸಿಗುವುದಿಲ್ಲ. ಹಾರ್ಡ್‌ವಿಕ್‌ನಲ್ಲಿ ಆ ದಪ್ಪ ಪೂರ್ತಿ ಒಳಗೆ ಹೋಯಿತು, ಹೊರಗೋಡೆ ಬಿಡುವಾಯಿತು. ಮನೆಯ ಬೆನ್ನೆಲುಬು ಒಳಗೋಡೆಗಳೇ.

ಇನ್ನು ಆರು ಗೋಪುರಗಳಿವೆ, ನೋಡಿ. ಎಲ್ಲರೂ ಅವನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಗೋಡೆ ನೇರವಾಗಿ ಓಡಿದರೆ ಬಾಗುವ ಭಯ ಇರುತ್ತದೆ, ಅಲ್ಲಲ್ಲಿ ಮಡಚಿ ಹೊರಗೆ ಚಾಚಿದರೆ ತಾನೇ ಗಟ್ಟಿಯಾಗುತ್ತದೆ. ಕಾಗದವನ್ನು ಮಡಚಿ ನಿಲ್ಲಿಸಿದ ಹಾಗೆ.

ಮೂರನೆಯದು ಕಿಟಕಿಯೇ. ಅದು ಒಂದು ದೊಡ್ಡ ತೂತು ಅಲ್ಲ. ಕಲ್ಲಿನ ನಿಲುವುಪಟ್ಟಿ, ಅಡ್ಡಪಟ್ಟಿ ಹಾಕಿ ಚೌಕ ಚೌಕ ಮಾಡಿದ್ದಾರೆ. ಕಲ್ಲಿಗೆ ಒತ್ತಡ ತಡೆಯುವ ಶಕ್ತಿ ಇದೆ, ಬಾಗುವ ಶಕ್ತಿ ಇಲ್ಲ. ಹಾಗಾಗಿ ಯಾವ ಕಲ್ಲೂ ಉದ್ದಕ್ಕೆ ಚಾಚದ ಹಾಗೆ ನೋಡಿಕೊಂಡಿದ್ದಾರೆ. ನಮ್ಮ ಕಲ್ಲಿನ ಮಂಟಪಗಳಲ್ಲಿ ಕಂಬಗಳು ಹತ್ತಿರ ಹತ್ತಿರ ಇರುವುದಕ್ಕೂ ಇದೇ ಕಾರಣ. ಗಾಜೂ ಆಗ ದೊಡ್ಡ ಹಾಳೆಯಾಗಿ ಸಿಗುತ್ತಿರಲಿಲ್ಲ. ಸಣ್ಣ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಜೋಡಿಸುತ್ತಿದ್ದರು.

ಮೇಲೆ ಕಿಟಕಿ ದೊಡ್ಡದಾಗುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಭಾರ ಜಾಸ್ತಿ ಇರುವುದು ಕೆಳಗೆ, ಅಲ್ಲಿ ಕಲ್ಲು ಜಾಸ್ತಿ. ಆದ್ರೆ ನಿಜವಾದ ಕಾರಣ ಬೇರೆ. ನೆಲ ಅಂತಸ್ತು ಆಳುಕಾಳುಗಳಿಗೆ, ಮಧ್ಯದ್ದು ಮನೆಯವರಿಗೆ, ಎಲ್ಲಕ್ಕಿಂತ ಮೇಲಿನದು ದೊಡ್ಡವರು ಬಂದರೆ ದರ್ಬಾರಿಗೆ. ಮೇಲೆ ಹೋದಂತೆ ಸೂರಿನ ಎತ್ತರವೂ ಹೆಚ್ಚುತ್ತದೆ. ಹೊರಗೆ ನಿಂತು ಕಿಟಕಿ ನೋಡಿದರೆ ಸಾಕು, ಒಳಗೆ ಯಾರಿಗೆಷ್ಟು ಮರ್ಯಾದೆ ಅಂತ ಗೊತ್ತಾಗುತ್ತದೆ. ವಿನ್ಯಾಸ ಮಾಡಿದವನು ರಾಬರ್ಟ್ ಸ್ಮಿತ್ಸನ್ ಅಂತಾರೆ, ಕಲ್ಲುಕುಟಿಗನಾಗಿ ಶುರು ಮಾಡಿದವನು.

ದುರ್ಗದಿಂದ_ಶೆಫೀಲ್ಡ್‌ಗೆ:
ನಾನು ಇರುವ ಊರಿನಿಂದ ಹಾರ್ಡ್‌ವಿಕ್ ದೂರವಿಲ್ಲ, ಮನೆಗೆ ಯಾರಾದರೂ ಬಂದರೆ ಕರೆದುಕೊಂಡು ಹೋಗುತ್ತೇನೆ. ತಮಾಷೆ ಅಂದ್ರೆ ಅಷ್ಟು ಗಾಜಿದ್ದರೂ ಒಳಗೆ ಮಬ್ಬು. ಹಳೆಯ ಟ್ಯಾಪಿಸ್ಟ್ರಿಗಳಿವೆ, ಅಂದ್ರೆ ಚಿತ್ರ ನೇಯ್ದ ಗೋಡೆ ಪರದೆಗಳು. ಬೆಳಕು ಬಿದ್ದರೆ ಬಣ್ಣ ಹೋಗುತ್ತದೆ ಅಂತ ಕಿಟಕಿ ಮುಚ್ಚಿಟ್ಟಿರುತ್ತಾರೆ. ಬೈಬಲ್ಲಿನ ಗಿಡಿಯನ್ ಕಥೆಯ 13 ಪರದೆಗಳನ್ನು ರಿಪೇರಿ ಮಾಡುವುದಕ್ಕೇ 24 ವರ್ಷ ಹಿಡಿಯಿತು, 2023ರಲ್ಲಿ ಮುಗಿಯಿತು.

ಕಟ್ಟಿಸಿದವಳು ಬೆಸ್, ಅಂದ್ರೆ ಎಲಿಜಬೆತ್, ಅನ್ನುವ ಹೆಂಗಸು. ನಾಲ್ಕು ಮದುವೆ, ಪ್ರತಿ ಮದುವೆಗೂ ಆಸ್ತಿ ಬೆಳೆಯಿತು. ಕೊನೆಯ ಗಂಡ, ಶ್ರೂಸ್‌ಬರಿಯ ಅರ್ಲ್, ತೀರಿಕೊಂಡದ್ದು 1590ರಲ್ಲಿ. ಗೋಪುರಗಳ ತುದಿಯಲ್ಲಿ ಕಲ್ಲಿನಲ್ಲಿ 'ಇ ಎಸ್' ಅಂತ ಆಳೆತ್ತರದ ಅಕ್ಷರ ಕೆತ್ತಿಸಿದ್ದಾಳೆ, ಎಲಿಜಬೆತ್ ಶ್ರೂಸ್‌ಬರಿ ಅಂತ. ದೂರದ ರಸ್ತೆಗೂ ಕಾಣುತ್ತದೆ. ನಾಚಿಕೆ ಗೀಚಿಕೆ ಏನೂ ಇಲ್ಲ! ಮುಂದೆ ಅವಳ ವಂಶದವರು ಚಾಟ್ಸ್‌ವರ್ತ್ ಮನೆಯಲ್ಲೇ ಜಾಸ್ತಿ ಇದ್ದರು, ಇದನ್ನು ಹೊಸ ಫ್ಯಾಶನ್ನಿಗೆ ಒಡೆದು ಕಟ್ಟಲಿಲ್ಲ. ಅದಕ್ಕೇ ಉಳಿಯಿತು. 1959ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಶನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ.

ಹೊರಗಿಂದ ಕಾಣುವ ಕಿಟಕಿಗಳಲ್ಲಿ ಕೆಲವು ಸುಳ್ಳು ಕಿಟಕಿ ಕಣ್ರೀ. ಗಾಜಿನ ಹಿಂದೆ ಗೋಡೆ.

ಚಹಾ_ಮಂಡಕ್ಕಿ:
ಸುಳ್ಳು ಕಿಟಕಿ ಅಂದ್ರೆ ಟ್ಯಾಕ್ಸ್ ಉಳಿಸೋಕೆ ಮುಚ್ಚಿದ್ದು. ಇಂಗ್ಲೆಂಡಲ್ಲಿ ಕಿಟಕಿ ಎಣಿಸಿ ತೆರಿಗೆ ಹಾಕ್ತಿದ್ರು.

ಕಲ್ಲುಕಂಬ:
ಆ ತೆರಿಗೆ ಬಂದದ್ದು 1696ರಲ್ಲಿ, ಹೋದದ್ದು 1851ರಲ್ಲಿ. ಬೆಸ್ ಕಟ್ಟಿಸಿ ಸುಮಾರು ನೂರು ವರ್ಷ ಆದ ಮೇಲೆ. ಇಲ್ಲಿ ಕಾರಣ ಸಮತೋಲ. ಎಡಕ್ಕೆ ಕಿಟಕಿ ಇದ್ದರೆ ಬಲಕ್ಕೂ ಇರಲೇಬೇಕು ಅನ್ನುವ ಹಟ. ಒಳಗೆ ಗೋಡೆ ಬಂದರೂ ಹೊರಗೆ ಗಾಜು ಕೂರಿಸಿದರು.

ಬಿಸಿಲು_ಬೇಗೆ:
ಮೇಲಿನದೆಲ್ಲ ಚೆನ್ನಾಗಿದೆ, ಆದ್ರೆ ಗಿರಾಕಿಯ ವಿಷಯಕ್ಕೆ ಬನ್ನಿ. ಡರ್ಬಿಶೈರ್ ಇರುವುದು 53 ಡಿಗ್ರಿ ಉತ್ತರದಲ್ಲಿ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯೂ ಪೂರ್ತಿ ಇರುವುದಿಲ್ಲ, ಸೂರ್ಯ ಮರದ ತಲೆ ದಾಟುವುದಿಲ್ಲ. ಅವರಿಗೆ ಬಿಸಿಲು ಒಳಗೆ ಬಂದಷ್ಟೂ ಲಾಭ. ನಾವು 14 ಡಿಗ್ರಿ ಚಿಲ್ಲರೆಯಲ್ಲಿದ್ದೇವೆ. ಏಪ್ರಿಲ್ ತಿಂಗಳು ಮಧ್ಯಾಹ್ನ ಮೂರಕ್ಕೆ ಕುಂದವಾಡ ಕೆರೆ ಹತ್ತಿರದ ನಮ್ಮ ಗಾಜಿನ ಮನೆ ಒಳಗೆ ಅವರನ್ನು ಹತ್ತು ನಿಮಿಷ ನಿಲ್ಲಿಸಿ, ಬೇರೆ ಮಾತು ಬೇಕಿಲ್ಲ. ಹಾರ್ಡ್‌ವಿಕ್ ಮುಂಭಾಗವೂ ಪಶ್ಚಿಮಕ್ಕೇ ಇದೆ, ಸಂಜೆ ಗಾಜು ಪೂರ್ತಿ ಹೊಳೆಯುತ್ತದಂತೆ. ಇಲ್ಲಿ ಆ ಹೊಳಪಿಗೆ ಎಸಿ ಬಿಲ್ ಕಟ್ಟಬೇಕು.

ಅಂದ ಹಾಗೆ, ಬೆಸ್ ವಂಶದವರ ಆ ಚಾಟ್ಸ್‌ವರ್ತ್‌ನಲ್ಲಿ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ನನೇ 1851ರಲ್ಲಿ ಲಂಡನ್ನಿನಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ಗಾಜಿನ ಕಟ್ಟಡದ ವಿನ್ಯಾಸ ಮಾಡಿದ್ದು. ಅದನ್ನು ನೋಡಿ ಲಾಲ್‌ಬಾಗ್ ಗಾಜಿನ ಮನೆ ಬಂತು, 1889ರಲ್ಲಿ. ಅದನ್ನು ನೋಡಿ ನಮ್ಮದು.

ಎಲಿವೇಶನ್_ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಪಶ್ಚಿಮಕ್ಕೆ ಕಲ್ಲಿನ ಚೌಕಟ್ಟು ಮಾತ್ರ ಇಟ್ಟು, ಗಾಜನ್ನು ಎರಡಡಿ ಒಳಗೆ ತಳ್ಳಿದರೆ? ಚೌಕ ಕಾಣುತ್ತದೆ, ನೆರಳೂ ಸಿಗುತ್ತದೆ. ಕಲ್ಲು ಇಲ್ಲೇ ಸಿಗುತ್ತದೆ.

ಕಲ್ಲುಕಂಬ:
ಮಾಡಬಹುದು. ಎರಡಡಿ ಸಾಲದು, ಸಂಜೆ ಬಿಸಿಲು ಅಡ್ಡಲಾಗಿ ಬರುತ್ತದೆ. ಮೂರಡಿ ಕೊಟ್ಟು ಮುಂದೆ ವರಾಂಡ ಮಾಡಿ, ಕೆಳಗಿನ ಅರ್ಧಕ್ಕೆ ಜಾಲಿ ಹಾಕಿ. ಹಾರ್ಡ್‌ವಿಕ್‌ನಲ್ಲೂ ಬಾಗಿಲ ಮುಂದೆ ಕಂಬಸಾಲಿನ ಮೊಗಸಾಲೆ ಇದೆ, ಗಿರಾಕಿಗೆ ಫೋಟೋದಲ್ಲೇ ತೋರಿಸಿ.

ಎಲಿವೇಶನ್_ದಾವಣಗೆರೆ:
ತೋರಿಸಿದೆ, ವರಾಂಡಕ್ಕೆ ಒಪ್ಪಿದರು. ಈಗ ಟೆರೇಸ್ ಮೇಲೆ ತಮ್ಮ ಇನಿಷಿಯಲ್ ಬೇಕಂತೆ, ಪಿ.ಬಿ. ರೋಡಿಗೆ ಕಾಣಬೇಕಂತೆ.