ಕೋಚ್ ಮೈಕ್ ಲೀಚ್ ಅವರನ್ನು ಜನ ಇಂದಿಗೂ ಇಷ್ಟೊಂದು ಹಚ್ಚಿಕೊಂಡಿರುವುದೇಕೆ?

ಸ್ಟಾರ್ಕ್‌ವಿಲ್ ಹೊಸಬ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಓದಿಗಾಗಿ ಮಿಸಿಸಿಪಿಯ ಸ್ಟಾರ್ಕ್‌ವಿಲ್‌ಗೆ ಬಂದು ನನಗೆ ಇದು ಎರಡನೆಯ ವರ್ಷ. ಶನಿವಾರಗಳಂದು ಡೇವಿಸ್ ವೇಡ್ ಕ್ರೀಡಾಂಗಣದಲ್ಲಿ, ದನದ ಕೊರಳಿಗೆ ಕಟ್ಟುವಂಥ ಗಂಟೆಗಳನ್ನು ಬಾರಿಸುವ ಸಾವಿರಾರು ಜನರ ನಡುವೆ ಕುಳಿತು ಅಮೆರಿಕನ್ ಫುಟ್‌ಬಾಲ್ ಅರ್ಥಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದೇನೆ. ನಾನು ಬಾಡಿಗೆಗಿರುವ ಮನೆಯ ಯಜಮಾನರು ಎಪ್ಪತ್ತು ದಾಟಿದವರು. ಆಟದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಅವರು ಮೈಕ್ ಲೀಚ್ ಅವರ ಹೆಸರು ಬಂದ ಕೂಡಲೇ ಸುಮ್ಮನಾಗಿಬಿಡುತ್ತಾರೆ. ಲೀಚ್ ಇಲ್ಲಿನ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿದ್ದುದು 2020ರಿಂದ 2022ರವರೆಗೆ, ಅಂದರೆ ಮೂರೇ ಋತು. ರಾಷ್ಟ್ರೀಯ ಪ್ರಶಸ್ತಿಯನ್ನೂ ಅವರು ಗೆದ್ದವರಲ್ಲ. ಹಾಗಿದ್ದೂ ಈ ಪ್ರೀತಿ ಎಲ್ಲಿಂದ ಬಂತು? ಅವರ ತಂಡಗಳ ಆಟವನ್ನು ಕಣ್ಣಾರೆ ಕಂಡವರು ಇಲ್ಲಿದ್ದರೆ ದಯವಿಟ್ಟು ಹೇಳಬೇಕು.

ಲಬಕ್ ಹಳೆಯ ವಿದ್ಯಾರ್ಥಿ:

ನಾನು 2007ರಲ್ಲಿ ದಾವಣಗೆರೆಯಿಂದ ಟೆಕ್ಸಸ್‌ನ ಲಬಕ್‌ಗೆ ಎಂ.ಎಸ್. ಮಾಡಲು ಹೋದವನು. ಹತ್ತಿಯ ಹೊಲ, ಧೂಳುಗಾಳಿ, ಕಣ್ಣು ಹಾಯುವವರೆಗೂ ಸಮತಟ್ಟಾದ ನೆಲ. ಬಯಲುಸೀಮೆಯವನಾದ ನನಗೆ ಊರು ಅಪರಿಚಿತವೆನಿಸಲಿಲ್ಲ. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಲೀಚ್ 2000ದಿಂದ 2009ರವರೆಗೆ ಹತ್ತು ಋತು ಕೋಚ್ ಆಗಿದ್ದರು. ಒಂದು ಋತುವಿನಲ್ಲೂ ಅವರ ಸೋಲುಗಳು ಗೆಲುವುಗಳನ್ನು ಮೀರಲಿಲ್ಲ. ರಾಜ್ಯದ ಒಳ್ಳೆಯ ಆಟಗಾರರೆಲ್ಲ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಕಡೆ ಹೋಗುತ್ತಿದ್ದ ಕಾಲದಲ್ಲಿ, ಉಳಿದವರನ್ನು ಕಟ್ಟಿಕೊಂಡು ಅವರು ಅದನ್ನು ಸಾಧಿಸಿದರೆಂಬುದನ್ನು ನೆನಪಿಡಬೇಕು.

2008ರ ನವೆಂಬರ್ 1ರ ರಾತ್ರಿಯನ್ನು ನಾನು ಸಾಯುವವರೆಗೂ ಮರೆಯಲಾರೆ. ಎದುರಿಗೆ ದೇಶದ ಮೊದಲನೆಯ ಸ್ಥಾನದಲ್ಲಿದ್ದ ಟೆಕ್ಸಸ್ ತಂಡ. ಲಬಕ್‌ನಲ್ಲಿ ಪಂದ್ಯ ಆರಂಭವಾಗುವಾಗ ಟೋರ್ಟಿಯಾಗಳನ್ನು, ಅಂದರೆ ನಮ್ಮ ಚಪಾತಿಯನ್ನೇ ಹೋಲುವ ರೊಟ್ಟಿಗಳನ್ನು, ಮೈದಾನಕ್ಕೆ ಬೀಸಿ ಎಸೆಯುವ ಪದ್ಧತಿಯಿತ್ತು. ಅನ್ನ ಚೆಲ್ಲಬಾರದೆಂದು ಬೆಳೆದ ನನಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಅರ್ಧ ಆಟ ಮುಗಿದಾಗ 22-6ರಿಂದ ಮುಂದಿದ್ದ ನಾವು, ಕೊನೆಗೆ ಒಂದೂವರೆ ನಿಮಿಷ ಉಳಿದಿರುವಾಗ 33-32ರಿಂದ ಹಿಂದೆ ಬಿದ್ದೆವು. ಎದುರಾಳಿಯ ರಕ್ಷಣಾ ಆಟಗಾರನೊಬ್ಬನ ಕೈಗೆ ಬಂದ ಚೆಂಡು ಜಾರಿ ನೆಲಕ್ಕೆ ಬಿತ್ತು. ಅವನು ಹಿಡಿದಿದ್ದರೆ ನಾವು ಸೋತಂತೆಯೇ. ಅದರ ಮರುಕ್ಷಣವೇ ನಮ್ಮ ಗ್ರಹಾಂ ಹ್ಯಾರೆಲ್ ಬಲ ಅಂಚಿನ ಕಡೆಗೆ ಎಸೆದ ಚೆಂಡನ್ನು ಮೈಕಲ್ ಕ್ರಾಬ್‌ಟ್ರೀ ಗೆರೆಯ ಪಕ್ಕದಲ್ಲೇ ಹಿಡಿದು, ಹಿಡಿಯಲು ಬಂದವನ ಕೈಯಿಂದ ಕೊಸರಿಕೊಂಡು ಓಡಿದಾಗ ಗಡಿಯಾರದಲ್ಲಿ ಉಳಿದಿದ್ದುದು ಒಂದೇ ಸೆಕೆಂಡು. 39-33. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಅಜ್ಜಿಯೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು. ಆ ದೇಶದಲ್ಲಿ ಯಾರಾದರೂ ನನ್ನನ್ನು ತಮ್ಮವನೆಂದು ಮೈಮುಟ್ಟಿ ಹಿಡಿದದ್ದು ಅದೇ ಮೊದಲು.

ಪುಲ್‌ಮನ್ ಮಲೆನಾಡತಿ:

ಲಬಕ್‌ನವರು ಬರೆದದ್ದನ್ನು ಓದಿ ಮನಸ್ಸು ತುಂಬಿ ಬಂತು. ನಾನು ಕಂಡದ್ದು ಅವರ ಮುಂದಿನ ಅಧ್ಯಾಯ. 2012ರಿಂದ 2019ರವರೆಗೆ ಅವರು ವಾಷಿಂಗ್ಟನ್ ರಾಜ್ಯದ ಪುಲ್‌ಮನ್‌ನಲ್ಲಿ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದರು. ಗೋಧಿ ಬೆಳೆಯುವ ಗುಡ್ಡಗಳ ನಡುವಿನ ಆ ಪುಟ್ಟ ಊರಿನಲ್ಲಿ ಕೋಚ್ ತಮ್ಮ ಕಚೇರಿಗೆ ಸುಮಾರು ಮೂರೂವರೆ ಮೈಲಿ ನಡೆದೇ ಹೋಗಿಬರುತ್ತಿದ್ದರು. ಹಿಮ ಬಿದ್ದರೂ ಬಿಡುತ್ತಿರಲಿಲ್ಲ. ಕಿವಿಗೆ ಫೋನ್ ಇಟ್ಟುಕೊಂಡು ಏರು ಹತ್ತುತ್ತಿದ್ದ ಅವರನ್ನು ನಾನು ಬಸ್ಸಿನ ಕಿಟಕಿಯಿಂದ ಹಲವು ಸಲ ಕಂಡಿದ್ದೇನೆ.

ಅವರು ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರಲ್ಲ. ಪೆಪ್ಪರ್‌ಡೈನ್‌ನಲ್ಲಿ ಕಾನೂನು ಪದವಿ ಪಡೆದು, ವಕೀಲಿ ಮಾಡದೆ ಕೋಚ್ ಆದವರು. ಕಡಲ್ಗಳ್ಳರ ಚರಿತ್ರೆ, ಅಪಾಚೆ ನಾಯಕ ಜೆರೊನಿಮೊ, ಕರಡಿ, ಮದುವೆಯ ಸಿದ್ಧತೆ, ಹೀಗೆ ಯಾವುದರ ಬಗ್ಗೆ ಕೇಳಿದರೂ ಪೂರ್ಣ ಮನಸ್ಸಿನಿಂದ ಉತ್ತರಿಸುತ್ತಿದ್ದರು. 2019ರ ವಸಂತದಲ್ಲಿ ವಾಷಿಂಗ್ಟನ್ ರಾಜ್ಯದ ಮಾಜಿ ಸೆನೆಟರ್ ಮೈಕಲ್ ಬೌಮ್‌ಗಾರ್ಟ್ನರ್ ಅವರ ಜೊತೆ ಗೆರಿಲ್ಲಾ ಯುದ್ಧತಂತ್ರ ಮತ್ತು ಫುಟ್‌ಬಾಲ್ ತಂತ್ರಗಳನ್ನು ಜೋಡಿಸಿ ಐದು ವಾರಗಳ ತರಗತಿಯನ್ನೇ ನಡೆಸಿದರು. ಅಂಕವೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಸೇರಬೇಕಾದರೆ ಮಾತ್ರ ಪ್ರಬಂಧ ಬರೆಯಬೇಕಿತ್ತು. ಕಡಿಮೆ ಬಲದವನು ಹೆಚ್ಚು ಬಲದವನ ಎದುರು ಹೇಗೆ ನಿಲ್ಲಬೇಕೆಂಬ ಪ್ರಶ್ನೆಯನ್ನೇ ಅವರು ಜೀವನವಿಡೀ ಬಿಡಿಸುತ್ತಿದ್ದರೆಂದು ನನಗನ್ನಿಸುತ್ತದೆ.

2018ರಲ್ಲಿ ಅಲಬಾಮಾಕ್ಕೆ ಹೋಗಲು ಮನಸ್ಸು ಮಾಡಿದ್ದ, ಚೆಂಡೆಸೆಯುವ ಆಟಗಾರ ಗಾರ್ಡ್ನರ್ ಮಿನ್ಶೂ ಅವರನ್ನು ಫೋನಿನಲ್ಲೇ ಒಲಿಸಿ ಕರೆತಂದರು. ಆ ವರ್ಷ ತಂಡ ಗೆದ್ದ 11 ಪಂದ್ಯಗಳು ವಿಶ್ವವಿದ್ಯಾಲಯದ ದಾಖಲೆ. ಊರಿನ ಮಕ್ಕಳೆಲ್ಲ ಮಿನ್ಶೂ ಅವರಂತೆ ಅಂಟುಮೀಸೆ ಹಚ್ಚಿಕೊಂಡು ತಿರುಗುತ್ತಿದ್ದರು.

ಮೈದಾನದ ಬದಿಯವನು:

ಪ್ರಶ್ನೆ ಕೇಳಿದವರು ಆಟವನ್ನು ಈಗಷ್ಟೇ ಕಲಿಯುತ್ತಿರುವುದರಿಂದ, ಲೀಚ್ ಮಾಡಿದ್ದೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವರು ಮತ್ತು ಹಾಲ್ ಮಮ್ಮಿ 1989ರಿಂದ ಅಯೋವಾ ವೆಸ್ಲಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ರೂಪಿಸಿದ ಪದ್ಧತಿಯೇ ‘ಏರ್ ರೇಡ್’. ಚೆಂಡನ್ನು ಹೊತ್ತು ಓಡುವುದಕ್ಕಿಂತ ಎಸೆಯುವುದೇ ಹೆಚ್ಚು. ಮುಂಚೂಣಿಯ ಆಟಗಾರರನ್ನು ಒಬ್ಬರಿಂದೊಬ್ಬರಿಗೆ ಅಂತರ ಬಿಟ್ಟು ನಿಲ್ಲಿಸಿ, ಎದುರಾಳಿಯನ್ನು ಮೈದಾನದ ಇಡೀ ಅಗಲಕ್ಕೆ ಹರಡಿಕೊಳ್ಳುವಂತೆ ಮಾಡುತ್ತಾರೆ. ‘ಮೆಶ್’ ಎಂಬ ಆಟದಲ್ಲಿ ಇಬ್ಬರು ರಿಸೀವರ್‌ಗಳು, ಅಂದರೆ ಎಸೆದ ಚೆಂಡನ್ನು ಹಿಡಿಯುವವರು, ಎರಡು ಬದಿಯಿಂದ ಓಡಿ ಬಂದು, ಕೈಗೆ ಕೈ ತಾಕುವಷ್ಟು ಹತ್ತಿರದಲ್ಲಿ ಒಬ್ಬರನ್ನೊಬ್ಬರು ದಾಟುತ್ತಾರೆ. ಬೆನ್ನಟ್ಟಿ ಬಂದ ರಕ್ಷಕರು ಅಲ್ಲೇ ಒಬ್ಬರಿಗೊಬ್ಬರು ಅಡ್ಡವಾಗುತ್ತಾರೆ. ಬೇರೆ ಕೋಚ್‌ಗಳು ದೊಡ್ಡ ಫಲಕದ ತುಂಬ ಆಟಗಳನ್ನು ಬರೆದುಕೊಂಡರೆ, ಲೀಚ್ ಅವರ ಕೈಯಲ್ಲಿ ಮಡಚಿದ ಒಂದು ಚೀಟಿ ಇರುತ್ತಿತ್ತು. ಕೆಲವೇ ಆಟ, ಸಾವಿರ ಸಲ ಅಭ್ಯಾಸ. ಮುಂದೆ ಹೆಸರಾಂತ ಕೋಚ್‌ಗಳಾದ ಲಿಂಕನ್ ರೈಲಿ, ಸನ್ನಿ ಡೈಕ್ಸ್, ಕ್ಲಿಫ್ ಕಿಂಗ್ಸ್‌ಬರಿ ಮೊದಲಾದವರೆಲ್ಲ ಅವರ ಕೈಕೆಳಗೆ ಪಳಗಿದವರು.

ಅವರ ಬದುಕಿನಲ್ಲಿ ಕಹಿ ಇರಲಿಲ್ಲವೆಂದಲ್ಲ. ಗಾಯಗೊಂಡ ಆಟಗಾರನೊಬ್ಬನನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲವೆಂಬ ಆರೋಪದ ಮೇಲೆ 2009ರ ಕೊನೆಯಲ್ಲಿ ಟೆಕ್ಸಸ್ ಟೆಕ್ ಅವರನ್ನು ವಜಾ ಮಾಡಿತು. ಆರೋಪವನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಆ ವಿಷಯದಲ್ಲಿ ಅಭಿಮಾನಿಗಳಲ್ಲೂ ಎರಡು ಅಭಿಪ್ರಾಯಗಳಿವೆ. ಪ್ರೀತಿಯಿದೆಯೆಂದು ಅದನ್ನು ಮುಚ್ಚಿಡುವುದು ತಪ್ಪು.

ಅವರ ಲೆಕ್ಕ 158 ಗೆಲುವು, 107 ಸೋಲು. ಕಾಲೇಜು ಫುಟ್‌ಬಾಲ್ ಕೀರ್ತಿಭವನಕ್ಕೆ ಶೇ. 60 ಗೆಲುವು ಬೇಕಿತ್ತು. ಒಂದೇ ಒಂದು ಸೋಲು ಗೆಲುವಾಗಿದ್ದರೆ ಸರಿಯಾಗಿ ಶೇ. 60 ಆಗುತ್ತಿತ್ತು. 2025ರಲ್ಲಿ ಆ ಮಿತಿಯನ್ನು ಶೇ. 59.5ಕ್ಕೆ ಇಳಿಸಿದ್ದರಿಂದ, 2027ರಿಂದ ಅವರ ಹೆಸರನ್ನು ಪರಿಗಣಿಸಬಹುದಾಗಿದೆ.

ಹೃದಯದ ತೊಂದರೆಯಿಂದ 2022ರ ಡಿಸೆಂಬರ್ 12ರಂದು ಅವರು ತೀರಿಕೊಂಡಾಗ ವಯಸ್ಸು 61. ಅದಕ್ಕೆ ಹದಿನೆಂಟು ದಿನ ಮುಂಚೆಯಷ್ಟೇ ಅದೇ ರಾಜ್ಯದ ಎದುರಾಳಿಯಾದ ಓಲ್ ಮಿಸ್ ತಂಡವನ್ನು 24-22ರಿಂದ ಸೋಲಿಸಿದ್ದರು. ಅವರ ಅಂಗಾಂಗಗಳನ್ನು ದಾನ ಮಾಡಲಾಯಿತು.

ಸ್ಟಾರ್ಕ್‌ವಿಲ್ ಹೊಸಬ:

ಮೂವರಿಗೂ ಕೃತಜ್ಞತೆಗಳು. ನೀವು ಬರೆದದ್ದನ್ನೆಲ್ಲ ನಿನ್ನೆ ಸಂಜೆ ಮನೆಯ ಯಜಮಾನರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎದ್ದು ಹೋಗಿ ಒಂದು ಪಂದ್ಯದ ದಾಖಲೆಯನ್ನು ಹಾಕಿ ತೋರಿಸಿದರು. ಲೀಚ್ ಹೋದ ಮೇಲಿನ ಮೊದಲ ಪಂದ್ಯ ಅದು. 2023ರ ಜನವರಿ 2, ಫ್ಲಾರಿಡಾದ ಟ್ಯಾಂಪಾ ನಗರ, ಎದುರಾಳಿ ಇಲಿನಾಯ್. ನಮ್ಮವರ ಹೆಲ್ಮೆಟ್ಟಿನ ಮೇಲೆ ಕಡಲ್ಗಳ್ಳರ ಬಾವುಟವಿತ್ತು. ಮೊದಲ ಸರದಿಯಲ್ಲಿ ಅವರು ಏರ್ ರೇಡ್ ರೀತಿಯಲ್ಲಿ ಸಾಲಾಗಿ ನಿಂತು, ಚೆಂಡನ್ನು ಎತ್ತದೆ, ಗಡಿಯಾರವನ್ನು ಓಡಲು ಬಿಟ್ಟರು. ತಡಮಾಡಿದ್ದಕ್ಕೆ ರೆಫರಿ ದಂಡ ಸಾರಿದರು. ಇಲಿನಾಯ್ ತಂಡ ಆ ದಂಡ ಬೇಡವೆಂದಿತು. ಯಜಮಾನರು ಅಲ್ಲಿಗೆ ನಿಲ್ಲಿಸಿ, ಮತ್ತೆ ಹಿಂದಕ್ಕೆ ಹೋಗಿ, ಅದನ್ನೇ ಇನ್ನೊಮ್ಮೆ ಹಾಕಿದರು.